ಪ್ರಸ್ಥಾನದ ಗಂಟು

ನಮ್ಮಣ್ಣನಿಗೆ ಪಂಚಾಂಗ ಬಾಯಿಪಾಠ, ಲೋಕಜ್ಞಾನ ಮಾತ್ರ ಸೊನ್ನೆ. ಅವನ ಮಗ ವಾದಿರಾಜ ಪಿ.ಯು.ಸಿ.ಯಲ್ಲಿ ಗಣಿತ, ಭೌತಶಾಸ್ತ್ರ ಓದಿ ಒಳ್ಳೆಯ ಅಂಕ ತಂದಿದ್ದ. ತುಂಗಭದ್ರೆಯ ಅಣೆಕಟ್ಟು ನೋಡಿಬಂದಾಗಿನಿಂದ ಅವನಿಗೆ ಇಂಜಿನಿಯರಿಂಗಿನದೇ ಹುಚ್ಚು. ಅದಕ್ಕೆ ಸೇರುವ ಮೊದಲು ಇನ್ನೊಂದು ವರ್ಷ ತಯಾರಿಯ ಕೋರ್ಸು ಓದಬೇಕಂತೆ. ಶುಕ್ರವಾರ ಬೆಳಗ್ಗೆ ಅನಂತಪುರದಲ್ಲಿ ಅದರ ಸಂದರ್ಶನ. ಅಸಲು ಸರ್ಟಿಫಿಕೇಟು ತೋರಿಸದಿದ್ದರೆ ಸೀಟು ಇನ್ನೊಬ್ಬನ ಪಾಲು.

ಅನಂತಪುರ ನಮ್ಮೂರಿಗೆ ದಕ್ಷಿಣ; ಗುರುವಾರ ಆ ದಿಕ್ಕಿಗೆ ಶೂಲ, ಹೊರಡಬಾರದೆಂದು ಅಣ್ಣ ಬುಧವಾರವೇ ಪ್ರಸ್ಥಾನ ಇಡಿಸಿದ. ಹೊರಡುವವನ ಸಾಮಾನೊಂದನ್ನು ಒಳ್ಳೆಯ ಗಳಿಗೆಯಲ್ಲಿ ಬೇರೆ ಮನೆಯಲ್ಲಿಟ್ಟರೆ ಪ್ರಯಾಣ ಆಗಲೇ ಶುರುವಾದಂತೆ. ಎಲ್ಲರೂ ಕೊಡೆಯನ್ನೋ ಪಂಚೆಯನ್ನೋ ಇಡುತ್ತಾರೆ. ನಮ್ಮ ಪಂಚಾಂಗ ಪಂಡಿತರು ಸರ್ಟಿಫಿಕೇಟುಗಳನ್ನೇ ಗಂಟು ಕಟ್ಟಿ ಎದುರುಮನೆಯ ಸುಭದ್ರಮ್ಮನಿಗೆ ಕೊಟ್ಟುಬಂದರು.

ಗುರುವಾರ ಮುಂಜಾನೆ ಸುಭದ್ರಮ್ಮನ ಗಂಡ, ಹತ್ತಿ ಮಂಡಿಯ ಗುಮಾಸ್ತ ನರಸಪ್ಪ, ಹಲ್ಲುಜ್ಜುತ್ತಿದ್ದವನು ಕುಸಿದುಬಿದ್ದ. ಮತ್ತೆ ಏಳಲಿಲ್ಲ.

ಗಂಟು ತರಲು ಹೊರಟ ಮಗನಿಗೆ ಅಣ್ಣ ಅಡ್ಡ ನಿಂತ. "ಸೂತಕದ ಮನಿ ಅದು. ಬಟ್ಟಿ ಆದ್ರ ತೊಳೀಬಹುದು, ಕಾಗದಕ್ಕ ಸ್ನಾನ ಮಾಡಸ್ತೀಯೇನು? ಮೊದ್ಲು ಹೆಣ ಎತ್ತಲಿ."

"ಅಷ್ಟೊತ್ತಿಗೆ ರೈಲು ಹೋಗ್ತದಪ್ಪಾ. ಇವತ್ತಿಗೆ ಅದೊಂದೇ."

"ಅಪಶಕುನ ಹೊತ್ಕೊಂಡು ಹೋಗಿ ಏನಾರ ಆದ್ರ?"

ಅಣ್ಣ ಕೆಟ್ಟವನಲ್ಲ. ಮಗನೆಂದರೆ ಪ್ರಾಣ. ಆ ಭಯವೇ ಎಲ್ಲವನ್ನೂ ಕೆಡಿಸಿತು.

ಅಷ್ಟರಲ್ಲಿ ಎದುರುಮನೆಯ ಅಳುವಿನ ನಡುವಿನಿಂದ ಸುಭದ್ರಮ್ಮನೇ ಎದ್ದು ಬಂದಳು. ಹಣೆಯ ಕುಂಕುಮ ಇನ್ನೂ ಹಾಗೆಯೇ ಇತ್ತು. ಗಂಟನ್ನು ಚಾಚಿದಳು. "ತಗೋಪ್ಪ ವಾದಿರಾಜಾ, ಹೊತ್ತಾತು. ಅವರು ಇದ್ದಿದ್ರ ಸ್ಟೇಷನ್ನಿಗೆ ತಾವೇ ತಂದು ಕೊಡ್ತಿದ್ರು."

"ಮುಟ್ಟಬ್ಯಾಡ!" ಅಣ್ಣ ಕೂಗಿದ.

ಆಕೆಯ ಮುಖ ಕಪ್ಪಿಟ್ಟಿತು. ಗಂಟನ್ನು ನಮ್ಮ ಕಟ್ಟೆಯ ಮೇಲಿಟ್ಟು ಹೊರಟುಹೋದಳು. ನನಗೆ ತಡೆಯಲಾಗಲಿಲ್ಲ. "ತಗೊಂಡು ಓಡೋ, ಪಾಪ ಬಂದ್ರ ನನಗ ಬರ್ಲಿ!" ಎಂದು ಕಿರುಚಿದೆ. ಹುಟ್ಟಿದಾಗಿನಿಂದ ಅಪ್ಪನ ಮಾತು ಮೀರದ ಹುಡುಗ. ಕೈ ಚಾಚಿದ, ಅಪ್ಪನ ಮುಖ ನೋಡಿದ, ಹಿಂದಕ್ಕೆಳೆದುಕೊಂಡ.

ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು ಕೇಳಿಸಿತು. ಅದು ದೂರವಾಗಿ ಅಡಗುವ ತನಕ ಮೂವರೂ ನಿಂತೇ ಇದ್ದೆವು.

ಆಮೇಲೆ ವಾದಿರಾಜ ಮೆಲ್ಲಗೆ ಕೇಳಿದ:

"ಇನ್ನ ಮುಟ್ಟಲೇನಪ್ಪಾ?"