ಗಂಜಿ ಕುಡಿಯದ ಇಸ್ತ್ರಿ ಪೆಟ್ಟಿಗೆ

ನೀರೂ ಕರೆಂಟೂ ಒಂದೇ ಪೆಟ್ಟಿಗೆಯೊಳಗೆ ಇರುವುದು ಹೇಗೆ? ಶಾಕ್ ಹೊಡೆದರೆ? ಸೀರೆ ಸುಟ್ಟರೆ? ಸುಂದರಿಗೆ ಇರುವುದೇ ಇದೊಂದು ಒಳ್ಳೆಯ ಸೀರೆ. ಇದು ಹಾಳಾದರೆ, ಗಂಡ ಬೇಕೆಂದೇ ಕೆಡಿಸಿದ ಅಂತ ಅಂದುಕೊಂಡಾಳು.

ನರಿಮೊಗರಿನ ಕಿಟ್ಟಣ್ಣ ಪಕ್ಕದ ಮನೆಯ ಬೀಫಾತುಮ್ಮನ ಜಗಲಿಯಲ್ಲಿ ನಿಂತು ಹೀಗೆ ಯೋಚಿಸುತ್ತಿದ್ದ. ಅವನ ಹೆಂಡತಿ ಸುಂದರಿಗೆ ಅಂದು ಪುತ್ತೂರಿನಲ್ಲಿ ಬಾಲವಾಡಿ ಟೀಚರ್ ಕೆಲಸದ ಸಂದರ್ಶನ. ಅವಳು ಅರ್ಜಿ ಹಾಕಿದಂದಿನಿಂದ ಕಿಟ್ಟಣ್ಣ ಆ ವಿಷಯ ಮಾತಾಡಿರಲಿಲ್ಲ. ಹತ್ತಿ ಸೀರೆ ಟ್ರಂಕಿನ ತಳದಲ್ಲಿ ಮುದುಡಿಹೋಗಿತ್ತು. ಮನೆಯಲ್ಲಿದ್ದದ್ದು ತೆಂಗಿನ ಗೆರಟೆಯ ಕೆಂಡ ತುಂಬುವ ಇಸ್ತ್ರಿ ಪೆಟ್ಟಿಗೆ. ಅದರ ಕಿಡಿ ಹಾರಿ ಅವನ ಅಂಗಿ ಒಮ್ಮೆ ತೂತಾಗಿತ್ತು. ಹಾಗಾಗಿ ಸುಂದರಿ ಸ್ನಾನಕ್ಕೆ ಹೋದಾಗ ಸೀರೆ ಹಿಡಿದು ಬೀಫಾತುಮ್ಮನಲ್ಲಿಗೆ ಬಂದಿದ್ದ. ಅವರ ಮಗ ಅಬ್ಬಾಸ್ ದುಬಾಯಿಯಿಂದ ಹಬೆಯ ಇಸ್ತ್ರಿ ಪೆಟ್ಟಿಗೆ ತಂದಿದ್ದ.

ಕಿಟ್ಟಣ್ಣನ ಇನ್ನೊಂದು ಕೈಯಲ್ಲಿ ಗಂಜಿತಿಳಿಯ ಚೆಂಬೂ ಇತ್ತು. ಗಂಜಿತಿಳಿ ಚಿಮುಕಿಸಿ ಇಸ್ತ್ರಿ ಹಾಕುವುದು ಅವನ ಮನೆಯ ರೂಢಿ. ಪೆಟ್ಟಿಗೆಯ ಮೂತಿಯಲ್ಲಿ ತೂತು ಕಂಡಿತು. ಇಲ್ಲಿಗೇ ಇರಬೇಕು ಎಂದು ಚೆಂಬು ಬಗ್ಗಿಸಿದ.

"ಅಯ್ಯಯ್ಯೋ, ಎಂತ ಮಾಡುದು ಮಾರಾಯ್ರೆ!" ಬೀಫಾತುಮ್ಮ ಚೆಂಬು ಕಸಿದುಕೊಂಡರು. "ಪೆಟ್ಟಿಗೆಗೆ ಗಂಜಿ ಕುಡಿಸುದಾ? ಅದಕ್ಕೆಂತ ಜ್ವರ ಬಂದದ್ದಾ?"

"ಗಂಜಿ ಇಲ್ಲದೆ ಸೀರೆ ನಿಲ್ಲುದು ಹೇಗೆ?"

"ಬೇಕಾದ್ರೆ ಸೀರೆಗೆ ಹಾಕಿ ಒಣಗಿಸಿ. ಇದರೊಳಗೆ ಹೋದ್ರೆ ಸುಟ್ಟು ಅಂಟಾಗಿ ಅಡಿಯ ತೂತೆಲ್ಲ ಕಟ್ಟಿಹೋಗ್ತದೆ. ಇದಕ್ಕೆ ಶುದ್ಧ ನೀರು ಮಾತ್ರ." ಸೋಸಿಟ್ಟ ಮಳೆನೀರು ತುಂಬಿಸಿ, ಕೈ ಒರಸಿಕೊಂಡು, ಆಮೇಲೆ ಪ್ಲಗ್ಗು ಹಾಕಿದರು.

"ಶಾಕ್?"

"ನೀರಿಗೆ ಬೇರೆ ಜಾಗ, ತಂತಿಗೆ ಬೇರೆ ಜಾಗ ಉಂಟು. ಆದ್ರೆ ನೀರು ತುಂಬುವಾಗ ಪ್ಲಗ್ಗು ತೆಗೆದಿರಬೇಕು. ವೈರು ಹರಿದಿದ್ರೆ ಮುಟ್ಟಲೇಬಾರದು."

"ಸುಕ್ಕು ಹೋಗುದು ಹೇಗೆ? ಮಂತ್ರವಾ?"

"ಮಂತ್ರ ಎಂತದ್ದೂ ಇಲ್ಲ. ಬಿಸಿ ತಗಡಿಗೆ ನೀರು ತೊಟ್ಟಿಕ್ಕಿ ಹಬೆ ಆಗ್ತದೆ. ಮಡಚಿದಲ್ಲಿ ಹತ್ತಿಯ ನಾರು ಒಂದಕ್ಕೊಂದು ಹಿಡ್ಕೊಂಡು ಕೂತಿರ್ತದೆ. ಹಬೆ ಒಳಗಿಳಿದ್ರೆ ಆ ಹಿಡಿತ ಸಡಿಲ. ಆಗ ಬಿಸಿ ಪೆಟ್ಟಿಗೆ ಒತ್ತಿದ್ರೆ ನೇರ ಆಗ್ತದೆ. ಒಣಗಿ ತಣಿದ ಮೇಲೆ ಹಾಗೇ ನಿಲ್ತದೆ."

"ಬಾಳೆಲೆ ಬಾಡಿಸಿ ಮಡಚುವ ಹಾಗಾ?"

"ಹಾಂ, ಸುಮಾರು ಹಾಗೇ. ಹಿಡೀರಿ, ನೀವೇ ಹಾಕಿ. ನಿಮ್ಮ ಹೆಂಡತಿ ಸೀರೆ."

ಪೆಟ್ಟಿಗೆ ಬುಸ್ಸೆಂದಿತು. ಕಿಟ್ಟಣ್ಣ ಹಾರಿ ಹಿಂದೆ ಸರಿದ.

"ಹಾವಲ್ಲ ಮಾರಾಯ್ರೆ!" ಬೀಫಾತುಮ್ಮ ನಕ್ಕರು. "ಹಬೆಗೆ ಕೈ ಅಡ್ಡ ಹಿಡೀಬೇಡಿ. ಇದು ಹತ್ತಿ ಬಟ್ಟೆಗೆ ಇಟ್ಟ ಬಿಸಿ. ನೈಲೆಕ್ಸ್ ಸೀರೆಗೆ ಇಷ್ಟು ಇಟ್ರೆ ಕರಗಿ ಹೋಗ್ತದೆ."

ಪೆಟ್ಟಿಗೆ ಹೋದಲ್ಲೆಲ್ಲ ಸುಕ್ಕು ಮಾಯವಾಯಿತು. ಕಿಟ್ಟಣ್ಣ ಅವಸರದಲ್ಲಿ ಮಡಚಲು ಹೊರಟ.

"ಬಿಸಿ ಇರುವಾಗ ಮಡಚಿದ್ರೆ ಹೊಸ ಸುಕ್ಕು ಬೀಳ್ತದೆ."

ಅವನು ಸೀರೆಯನ್ನು ಹಗ್ಗದ ಮೇಲೆ ಹರವಿ, ತಣಿಯುವವರೆಗೆ ಅದರ ಪಕ್ಕದಲ್ಲೇ ನಿಂತ.

ಮನೆಯಲ್ಲಿ ಸುಂದರಿ ಸೆರಗು ಸವರಿ ನೋಡಿದಳು. "ನೀವು ಹಾಕಿದ್ದಾ?"

"ಹೂಂ."

"ನಾನು ಹೋಗುದು ನಿಮಗೆ ಮನಸ್ಸಿಲ್ಲ ಅಂದ್ಕೊಂಡಿದ್ದೆ."

"ಬಸ್ಸು ಬರುವ ಹೊತ್ತಾಯ್ತು" ಎಂದ ಕಿಟ್ಟಣ್ಣ.

ಅವಳಿಗೆ ಕೆಲಸ ಸಿಕ್ಕಿತು. ಈಗ ಅವರ ಮನೆಯಲ್ಲೂ ಅಂಥದೊಂದು ಪೆಟ್ಟಿಗೆ ಇದೆ. ಅದಕ್ಕೆ ನೀರು ತುಂಬುವುದೂ, ಆರಿದ ಮೇಲೆ ಉಳಿದ ನೀರು ಚೆಲ್ಲುವುದೂ ಕಿಟ್ಟಣ್ಣನೇ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಗೂ ಇಂಥ ಪೆಟ್ಟಿಗೆ ಬಂದರೆ ಹೆದರಬೇಡಿ, ಅವಸರವನ್ನೂ ಮಾಡಬೇಡಿ. ಪ್ಲಗ್ಗು ತೆಗೆದು ಶುದ್ಧ ನೀರು ಹಾಕಿ. ಬಟ್ಟೆಗೆ ತಕ್ಕ ಬಿಸಿ ಇಡಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ.

ಆ ಕೆಲಸ ಸುಂದರಿಗೇ ಸಿಗಲಿ ಎಂದು ತಾನೂ ಆಸೆಪಟ್ಟಿದ್ದೆ ಎಂಬುದನ್ನು ಮಾತ್ರ ಕಿಟ್ಟಣ್ಣ ಅವಳಿಗೆ ಯಾವತ್ತೂ ಹೇಳಲಿಲ್ಲ.