ಮದುವೆಯ ಸರ್ಟಿಫಿಕೇಟು

ಬೇಕರಿಯವನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದು ಬೆಳಿಗ್ಗೆ, ಭಟ್ಟಿಯಲ್ಲಿ ಬ್ರೆಡ್ಡು ಬೇಯುತ್ತಿರುವಾಗಲೇ. ಕೈಗೆ ಮೆತ್ತಿದ ಹಿಟ್ಟು ತೊಳೆದುಕೊಳ್ಳಲೂ ಬಿಡಲಿಲ್ಲ. ಅವನು ಮಾಡಿದ ತಪ್ಪೆಂದರೆ ಹುಟ್ಟಿದ್ದು, ಅದೂ ಈಗ ಈ ದೇಶದ ಮೇಲೆ ಯುದ್ಧಕ್ಕೆ ನಿಂತಿರುವ ದೇಶದಲ್ಲಿ. ಇಪ್ಪತ್ತೆರಡು ವರ್ಷ ಅವನ ಬ್ರೆಡ್ಡು ತಿಂದ ಬೀದಿ ಕಿಟಕಿ ಹಾಕಿಕೊಂಡು ಸಂದಿಯಲ್ಲಿ ನೋಡಿತು.

ಹೆಂಡತಿ ಶಾಲೆಯ ಮಕ್ಕಳಿಗೆಲ್ಲ ಯೂನಿಫಾರ್ಮ್ ಹೊಲಿಯುವ ಟೈಲರಮ್ಮ. ಅಳುತ್ತಾ ಕೂರುವ ಪೈಕಿಯಲ್ಲ. ಟ್ರಂಕಿನ ತಳ ಕೆದಕಿ ಮದುವೆಯ ಸರ್ಟಿಫಿಕೇಟು ತೆಗೆದಳು. ಇದೇ ಬೀದಿಯಲ್ಲಿ ಹುಟ್ಟಿದ ತನ್ನನ್ನು ಕಟ್ಟಿಕೊಂಡವನು ಹೊರಗಿನವನು ಹೇಗಾಗುತ್ತಾನೆ? ಈ ಕಾಗದ ಮುಂದಿಟ್ಟರೆ ಸಂಜೆಯೊಳಗೆ ಗಂಡ ಮನೆಯಲ್ಲಿರುತ್ತಾನೆ ಎಂದುಕೊಂಡು, ಹನ್ನೊಂದು ವರ್ಷದ ಮಗಳನ್ನೂ ಕರೆದುಕೊಂಡು ಹೊರದೇಶದವರ ನೋಂದಣಿ ಕಚೇರಿಗೆ ಹೋದಳು.

ಮಗಳು ಗೋಡೆ ಪಕ್ಕದ ಬೆಂಚಿನಲ್ಲಿ ಕೂತಳು. ಕೌಂಟರಿನಲ್ಲಿದ್ದ ಗುಮಾಸ್ತ ಪರಿಚಯದವನೇ. ಹೋದ ತಿಂಗಳು ಅವನ ಮಗನ ಚಡ್ಡಿ ಹೊಲಿದುಕೊಟ್ಟಿದ್ದಳು. ಕಾಗದ ಕಂಡದ್ದೇ ಅವನ ಮುಖ ಸಪ್ಪಗಾಯಿತು.

"ಅದನ್ನ ಒಳಗಿಟ್ಕೊಂಡು ಸುಮ್ನೆ ಮನೆಗೆ ಹೋಗಿ, ಟೈಲರಮ್ಮ," ಎಂದ ಮೆಲ್ಲಗೆ.

"ಯಾಕ್ರೀ ಹೋಗ್ಲಿ? ಅವರ ಮೇಲೆ ಏನು ಕೇಸು, ಅದನ್ನ ಹೇಳಿ ಮೊದ್ಲು."

"ಕೇಸಿಲ್ಲಮ್ಮ. ಈಗ ಕೇಸು ಬೇಕಾಗಿಲ್ಲ."

"ಬೇಕಾಗಿಲ್ವಾ? ಮತ್ತೆ ಅಷ್ಟು ದೊಡ್ಡ ಕೋರ್ಟು ಕಟ್ಟಿರೋದು ಪಾರಿವಾಳ ಕೂರೋಕಾ?"

ಅವಳ ದನಿಗೆ ಒಳಕೋಣೆಯಿಂದ ಅಧಿಕಾರಿಯೇ ಎದ್ದು ಬಂದ. ಗುಮಾಸ್ತ ಕಣ್ಸನ್ನೆ ಮಾಡುತ್ತಲೇ ಇದ್ದ. ಅದನ್ನು ಲಕ್ಷಿಸದೆ ಅವಳು ಸರ್ಟಿಫಿಕೇಟನ್ನು ಅಧಿಕಾರಿಯ ಕೈಗೇ ಕೊಟ್ಟಳು.

ಅವನು ಎರಡು ಸಲ ಓದಿದ. "ಇದರಲ್ಲಿರೋ ಹೆಣ್ಣು ನೀವೇನಾ?"

"ನಾನೇ. ಇದೇ ಊರಲ್ಲಿ ಹುಟ್ಟಿದವಳು."

"ಹುಟ್ಟಿರಬಹುದು. ಮದುವೆಯಾದ ದಿನವೇ ಗಂಡನ ದೇಶದವರಾದ್ರಿ. ಹಳೇ ಕಾನೂನು. ನಮ್ಮ ಪಟ್ಟೀಲಿ ನಿಮ್ಮ ಹೆಸರು ಬಿಟ್ಟುಹೋಗಿತ್ತು. ತಂದುಕೊಟ್ಟಿದ್ದು ಒಳ್ಳೇದಾಯ್ತು. ನೀವಿನ್ನು ಮನೆಗೆ ಹೋಗೋ ಹಾಗಿಲ್ಲ."

ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ, ಅಂಗಿಯ ಗುಂಡಿ ಬಿದ್ದುಹೋಗಿದೆ ಎಂದು ತೋರಿಸಿದ ಹಾಗಿತ್ತು. ಹದಿನಾಲ್ಕು ವರ್ಷ ತಾನು ಬೇರೆ ದೇಶದವಳಾಗಿದ್ದು ಟೈಲರಮ್ಮನಿಗೇ ಗೊತ್ತಿರಲಿಲ್ಲ! ಹುಟ್ಟಿದ ಊರು ಒಂದು ಮಾತನ್ನೂ ಕೇಳದೆ ಅವಳನ್ನು ಕೈಬಿಟ್ಟಿತ್ತು. ಅವಳು ಕೌಂಟರಿನ ಅಂಚು ಹಿಡಿದುಕೊಂಡಳು.

ಅಧಿಕಾರಿ ಪೆನ್ನು ತೆಗೆದ. "ಮಕ್ಕಳಿದ್ದಾರಾ? ಅವರೂ ಪಟ್ಟಿಗೆ ಸೇರ್ತಾರೆ."

"ಇಲ್ಲ." ಆ ಮಾತು ಹೇಗೆ ಹೊರಬಿತ್ತೋ ಅವಳಿಗೇ ತಿಳಿಯಲಿಲ್ಲ.

"ಮತ್ತೆ ಆ ಹುಡುಗಿ?"

"ನಮ್ಮಕ್ಕನ ಮಗಳು." ಅಕ್ಕನ ಮನೆ ಎರಡು ಬೀದಿ ಆಚೆ. ಭಾವ ಈ ದೇಶದವನೇ.

ಅಧಿಕಾರಿ ಗುಮಾಸ್ತನ ಕಡೆ ತಿರುಗಿದ. ಎಲ್ಲ ಗೊತ್ತಿದ್ದ ಗುಮಾಸ್ತ ತಲೆ ಎತ್ತದೆ, "ಹೌದು ಸಾರ್, ನಂಗೊತ್ತು," ಎಂದ.

ಮಗಳು ಬೆಂಚಿನಿಂದ ಎದ್ದಳು. ಅವಳೆಲ್ಲಿ ಓಡಿಬಂದು ತಬ್ಬಿಕೊಳ್ಳುತ್ತಾಳೋ ಎಂದು ತಾಯಿ ಅತ್ತ ನೋಡದೆ ನಿಂತಳು.

"ಚಿಕ್ಕಮ್ಮಾ," ಎಂದಳು ಮಗಳು, "ನಾನು ಹೊರಡ್ತೀನಿ. ಅಮ್ಮ ಮನೇಲಿ ಕಾಯ್ತಿರ್ತಾಳೆ."