ರೆಕ್ಕೆ ನೋಡಿ ಆರಿಸಿದ ಮರಿಗಳು

ಮೊಟ್ಟೆ ಇಡದ ಹುಂಜಗಳಿಗೆ ಹಾಕಲು ಈರೋಡಿನ ಪೂಂಗೊಡಿಯ ಬಳಿ ಕಾಳಿರಲಿಲ್ಲ. ಎಳೆಮರಿಯ ರೆಕ್ಕೆಗರಿ ಸಮವಾಗಿದ್ದರೆ ಗಂಡು, ಉದ್ದ-ಗಿಡ್ಡವಿದ್ದರೆ ಹೆಣ್ಣು ಎಂದು ಕೋಳಿ ಸಾಕಣೆಯ ತರಬೇತಿ ಕೊಡಲು ಬಂದ ಅಧಿಕಾರಿ ಕಲಿಸಿದ್ದ. ಹಾಗೆ ಗಂಡೆಂದು ಆರಿಸಿದ ಆರು ಮರಿಗಳನ್ನು ಬೆಚ್ಚಗೆ ಹಿಡಿದು, ನರಳದಂತೆ ಒಂದೇ ಸೆಳೆತಕ್ಕೆ ಕತ್ತು ಮುರಿದಿದ್ದಳು.

ಎರಡು ತಿಂಗಳಿಗೆ, ಉಳಿಸಿಕೊಂಡ ಐದರಲ್ಲಿ ನಾಲ್ಕಕ್ಕೆ ಕೆಂಪು ಜುಟ್ಟು ಎದ್ದಿತು.

"ಏನೇ, ನಿನ್ನ ಹೇಟೆಕೋಳಿ ಹುಂಜದಂಗೆ ಕೂಗ್ತೈತಲ್ಲೇ!" ಅತ್ತೆ ನಕ್ಕಳು.

ಮತ್ತೆ ಊರಿಗೆ ಬಂದ ಅಧಿಕಾರಿಯನ್ನು ಪೂಂಗೊಡಿ ತಡೆದು ಕೇಳಿದಳು.

"ಆ ಲೆಕ್ಕ ಫಾರಂ ತಳಿಗಮ್ಮಾ, ನಾಟಿ ಕೋಳಿಗಲ್ಲ."

"ಅವತ್ತೇ ಹೇಳೋಕೆ ಬಾಯಿರ್ಲಿಲ್ವಾ ಸಾರ್? ಹೆಣ್ಣು ಮರಿಗಳನ್ನ ಕೊಂದ್ಬಿಟ್ನಲ್ಲ ನಾನು!"

ಮುಂದಿನೂರಿನ ತರಬೇತಿಗೆ ಹೊತ್ತಾಯಿತೆಂದು ಅವನು ಬೈಕ್ ಹತ್ತಿದ.

"ಅಲ್ಲಾದ್ರೂ ನಾಟಿ ಕೋಳಿಗಲ್ಲ ಅಂತ ಹೇಳಿ ಸಾರ್!" ಎಂದು ಅಳುತ್ತಲೇ ಬೈಕಿನ ಹಿಂದೆ ಕೂಗಿದಳು.